ಬೋಹುಶ್ ಕಡಿದ ಊರುಗೋಲು

ಸೆಪ್ಟೆಂಬರ್ 19, ಸಂಜೆ

ಮೂರನೆಯ ಸಾಲು ಮುಗಿಯಿತು. ಮರದ ಸುತ್ತಳತೆಗೆ ಟೇಪು ಎದೆಯೆತ್ತರಕ್ಕೆ, ಇಳಿಜಾರಿನ ಮೇಲ್ಬದಿಯಿಂದ. ಇಪ್ಪತ್ತು ವರ್ಷದಿಂದ ಇದೇ ಕೆಲಸ, ಇದೇ ಹ್ಲುಖಾ ಇಳಿಜಾರು, ಇವೇ ಬೀಚ್ ಮರಗಳು. ಬಿದ್ದ ಮರಗಳ ಲೆಕ್ಕವೂ ಆಯಿತು. ಕೆಲವು ಮೊನ್ನೆಯ ಗಾಳಿಗೆ ಬಿದ್ದವು, ತೊಗಟೆ ಇನ್ನೂ ಹೊಳೆಯುತ್ತದೆ. ಕೆಲವಕ್ಕೆ ಬೆರಳು ಒತ್ತಿದರೆ ನೆನೆದ ಬ್ರೆಡ್ಡಿನ ಹಾಗೆ ಒಳಗೇ ಹೋಗುತ್ತದೆ. ಮಗು, ಮುದುಕ, ಹೆಣ ಎಲ್ಲ ಒಟ್ಟಿಗೆ ಇರುವ ಕಾಡು. ಇದಕ್ಕೆ ಯಾರೂ ಕೊಡಲಿ ಹಾಕಿಲ್ಲ. ನನಗೆ ಗೊತ್ತು. ಗೊತ್ತಿದ್ದರೆ ಸಾಲದು, ತೋರಿಸಬೇಕು... ಅಷ್ಟೇ ತಕರಾರು.

ಮನೆಯೊಡತಿ ಪರಾಸ್ಕ ಅಂಗಳದಲ್ಲಿ ಪ್ಲಮ್ ಹಣ್ಣು ಕುದಿಸುತ್ತಿದ್ದಾಳೆ. “ಬಂದ್ಯಾ? ಇವತ್ತು ಎಷ್ಟು ಮರಕ್ಕೆ ಸೊಂಟದ ಪಟ್ಟಿ ಕಟ್ಟಿದೆ?” ದಿನಾ ಇದೇ ಪ್ರಶ್ನೆ, ದಿನಾ ತಾನೇ ನಗುತ್ತಾಳೆ.

ಸೆಪ್ಟೆಂಬರ್ 22

ಅರಣ್ಯ ಕಚೇರಿಯಿಂದ ಉತ್ತರ ಬಂತು. ಹ್ಲುಖಾದಲ್ಲಿ ಮರ ಕೊರೆಯಲು ಅನುಮತಿ ಇಲ್ಲ. ಪೆನ್ಸಿಲ್ ದಪ್ಪದ ತೂತು ಬಿದ್ದರೆ ಮರದ ಬೆಲೆ ಇಳಿಯುತ್ತದಂತೆ! ಆ ತೂತಿನಿಂದ ಬರುವ ಕಡ್ಡಿಯಲ್ಲಿ ಉಂಗುರ ಎಣಿಸಿದರೆ ವಯಸ್ಸು ಗೊತ್ತಾಗುತ್ತದೆ, ಅದನ್ನು ಮಾತ್ರ ಬರೆದಿಲ್ಲ.

ಸಹಿ: ಬೋಹುಶ್ ಹ್ರಿಂಕೊ. ಒಂದೇ ಬೆಂಚಿನಲ್ಲಿ ಕೂತು ನನ್ನ ಜೊತೆ ಅರಣ್ಯಶಾಸ್ತ್ರ ಓದಿದವನು. ಈಗ ಈ ಭಾಗದ ಕಾಡಿಗೆಲ್ಲ ಯಜಮಾನ. ಫೋನ್ ಮಾಡಿದೆ.

“ಬೋಹುಶ್, ಹೆದರಿಕೆ ಆಯ್ತೇನೋ?”

“ನನಗ್ಯಾಕೆ ಹೆದರಿಕೆ? ಎಂಬತ್ತೈದು ವರ್ಷದ ಹಿಂದೆ ಆ ಇಳಿಜಾರನ್ನ ಪೂರ್ತಿ ಬೋಳಿಸಿದ್ರು. ನಮ್ಮಜ್ಜ ಆಗ ಹನ್ನೆರಡರ ಹುಡುಗ, ಅವನೇ ಎತ್ತಿನ ಗಾಡಿ ಹೊಡೆದಿದ್ದ. ಈಗಿರೋದೆಲ್ಲ ಆಮೇಲೆ ಹುಟ್ಟಿದ್ದು.”

“ದಾಖಲೆ?”

“ಯುದ್ಧದಲ್ಲಿ ಸುಟ್ಟೋಯ್ತು ಮಾರಾಯ್ತಿ. ನಿನ್ನ ಹತ್ರ ಇದ್ಯಾ?”

ಇಲ್ಲ. ಇಬ್ಬರ ಹತ್ತಿರವೂ ಇಲ್ಲ. ಸರ್ಕಾರದ ಸಮಿತಿ ಬಂದು ನೋಡಿ ತೀರ್ಪು ಕೊಡುತ್ತದೆ. ಎಂದೂ ಕಡಿಯದ ಕಾಡು ಎಂದಾದರೆ ಹ್ಲುಖಾ ಉಳಿಯಿತು. ಮತ್ತೆ ಬೆಳೆದ ಕಾಡು ಎಂದಾದರೆ ಮೊದಲ ಹಿಮ ಬೀಳುವ ಹೊತ್ತಿಗೆ ಗರಗಸದವರು ಹತ್ತುತ್ತಾರೆ.

ಗೆಲ್ಲುವವಳು ನಾನೇ. ಹೇಗೆ ಅಂತ ಗೊತ್ತಿಲ್ಲ.

ಅಕ್ಟೋಬರ್ 2, ಸಂಜೆ

ಇಷ್ಟು ದಿನ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳ ಆಗುತ್ತಿತ್ತು.

ಇವತ್ತು ಸಮಿತಿ ಬಂದಿತ್ತು. ಅಧ್ಯಕ್ಷೆ ಬೆಲಾನ್ಸ್ಕಾ. ಗಟ್ಟಿ ಹೆಂಗಸು, ಹೊಸ ಬೂಟು, ಅರ್ಧ ದಾರಿಯಲ್ಲೇ ಹಿಮ್ಮಡಿ ಸುಲಿದರೂ ಹತ್ತುವುದು ಬಿಡಲಿಲ್ಲ. ಜೊತೆಗೆ ಇಬ್ಬರು, ಬಾಯಿ ಬಿಡದವರು. ಬೋಹುಶ್‌ಗೆ ಮಂಡಿ ನೋವು, ಕುಂಟುತ್ತ ಬಂದ. ದೊಡ್ಡ ಮರ ತೋರಿಸಿದೆ, ಕೊಳೆತ ದಿಮ್ಮಿ ತೋರಿಸಿದೆ, ದಿಮ್ಮಿಯ ಮೇಲೆ ಮೊಳೆತ ಸಸಿ ತೋರಿಸಿದೆ. ನನ್ನ ಪ್ರತಿ ಮಾತಿಗೂ ಅವನದೊಂದು ಬಾಲ.

ಇಳಿಜಾರಿನ ನಟ್ಟನಡುವೆ, ದಟ್ಟ ನೆರಳಲ್ಲಿ ನಿಂತ. “ಡ್ರಾಹಾ, ಈ ಸಣಕಲು ಗಿಡಗಳೂ ನಿನ್ನ ಆದಿಕಾಲದ ಕಾಡೇನೇ?”

“ಹೌದು. ಬೀಚ್ ಗಿಡ ನೆರಳಲ್ಲಿ ಬೆಳಕಿಗೆ ಕಾಯುತ್ತೆ. ತೆಳ್ಳಗಿದ್ರೆ ಎಳೇದು ಅಂತಲ್ಲ. ನಿನಗೂ ಇದನ್ನ ಕಲಿಸಿದ್ರು.”

“ಸುಮ್ನಿರೇ! ನನ್ನ ಮಗಳಿಗಿಂತ ಚಿಕ್ಕವು ಇವು.” ಚೀಲದಿಂದ ಮಡಿಸುವ ಗರಗಸ ತೆಗೆದ, ಸನಿಕೆ ಹಿಡಿಯ ದಪ್ಪದ್ದೊಂದನ್ನು ಬುಡದಲ್ಲೇ ಕೊಯ್ದ, ಎತ್ತಿ ಹಿಡಿದ. “ನೋಡಿ ಮೇಡಂ, ಕೂಸು. ಊರುಗೋಲಿಗೇ ಲಾಯಕ್ಕು.”

ಬೆಲಾನ್ಸ್ಕಾ ನಕ್ಕಳು. ಕೋಲು ಹಿಡಿದ ಅವನ ಫೋಟೊ ತೆಗೆದಳು, ಪಕ್ಕದಲ್ಲಿ ಹಸಿ ಬುಡ.

ಮೈಯೆಲ್ಲ ಉರಿಯಿತು. “ನಿನ್ನ ಕಾಡು, ನಿನ್ನ ಕೋಲು. ಕಡ್ಕೊಂಡು ತಿನ್ನು.”

ಬೋಹುಶ್ ಅದೇ ಕೋಲು ಊರಿಕೊಂಡು ಇಳಿದ. ಅಂಗಳಕ್ಕೆ ಬಂದು ಬೆಂಕಿ ಹಾಕಿ ಸಾಸೇಜ್ ಸುಟ್ಟರು, ಪರಾಸ್ಕಳ ಪ್ಲಮ್ ಸಾರಾಯಿ ಕುಡಿದರು. ಬೋಹುಶ್ ಹಾಡಿದ. ಅವನು ಚೆನ್ನಾಗಿ ಹಾಡುತ್ತಾನೆ, ಅದೇ ಕಷ್ಟ. ಹೊರಡುವಾಗ ಬೆಲಾನ್ಸ್ಕಾ ನನ್ನ ಕೈ ಕುಲುಕಿದಳು. “ಸುಂದರವಾಗಿದೆ. ಆದ್ರೆ ಸುಂದರವಾಗಿರೋದು ಪುರಾವೆ ಅಲ್ಲ.” ಎಂಟನೆಯ ತಾರೀಕು ತೀರ್ಪು.

ಅಕ್ಟೋಬರ್ 3, ಬೆಳಿಗ್ಗೆ

ಅವಸರ, ಅಕ್ಷರ ಹೀಗೇ ಬರಲಿ.

ಕಾಫಿ ಹಿಡಿದು ಅಂಗಳಕ್ಕೆ ಬಂದರೆ ಪರಾಸ್ಕ ಒಂದು ಕೋಲನ್ನು ಕಟ್ಟೆಯ ಮೇಲಿಟ್ಟು, ಮಂಡಿ ಊರಿ, ಗರಗಸ ಹಿಡಿದಿದ್ದಾಳೆ. “ಆ ಕುಂಟ ಬಿಟ್ಟು ಹೋದ. ಪೊರಕೆಗೆ ಹಿಡಿ ಮಾಡ್ತೀನಿ. ಬುಡ ಸ್ವಲ್ಪ ದಪ್ಪ, ಕೊಯ್ದು ಒಲೆಗೆ ಹಾಕ್ತೀನಿ.”

ಬುಡ ನೋಡಿದೆ. ಸುಮ್ಮನೆ, ಅಭ್ಯಾಸಬಲ. ಉಂಗುರವೇ ಕಾಣಲಿಲ್ಲ, ಅಷ್ಟು ಒತ್ತೊತ್ತು. ಎಳೆಯ ಗಿಡವಾದರೆ ಕಾಣಬೇಕು, ಬರಿಗಣ್ಣಿಗೇ ಕಾಣಬೇಕು!

“ಪರಾಸ್ಕ, ಗರಗಸ ಕೆಳಗಿಡು!”

“ಅಯ್ಯೋ, ಒಂದು ಕೋಲಿಗೆ ಯಾಕೆ ಹೀಗೆ ಕಿರುಚ್ತೀಯೇ?”

“ಹೊಸ ಪೊರಕೆ ತಂದ್ಕೊಡ್ತೀನಿ. ಎರಡು ತಂದ್ಕೊಡ್ತೀನಿ.” ಮುದುಕಿಯ ಹಣೆಗೆ ಮುತ್ತು ಕೊಟ್ಟೆ. ಒರೆಸಿಕೊಂಡಳು.

ಅನುಮತಿ ಇಲ್ಲದೆ ಹ್ಲುಖಾದಿಂದ ಒಂದು ಎಲೆಯನ್ನೂ ಕಿತ್ತವಳಲ್ಲ ನಾನು. ಇದನ್ನು ಕಡಿದವನು ಅವನೇ. ಅವನ ಕೈಯಿಂದ, ಅವನ ಗರಗಸದಿಂದ, ಸಮಿತಿಯ ಕಣ್ಣೆದುರು. ಫೋಟೊ ಸಮೇತ!

ಅಕ್ಟೋಬರ್ 4

ಬುಡವನ್ನು ಮರಳು ಕಾಗದದಿಂದ ಉಜ್ಜಿದೆ. ಒರಟು, ನಯ, ಇನ್ನೂ ನಯ. ಕನ್ನಡಿ ಆಯಿತು. ಭೂತಗನ್ನಡಿ ಇಟ್ಟು ಎಣಿಸಿದೆ. ಮತ್ತೆ ಎಣಿಸಿದೆ. ಹೊರಗೆ ಹೋಗಿ ಪರಾಸ್ಕಳ ಬಾತುಗಳಿಗೆ ಕಾಳು ಹಾಕಿ ಬಂದು ಇನ್ನೊಮ್ಮೆ ಎಣಿಸಿದೆ.

ವಯಸ್ಸು ಒಂದೇ ಅಲ್ಲ ವಿಷಯ. ಇಳಿಜಾರು ಬೋಳಿಸಿದ್ದರೆ ಆ ವರ್ಷ ಮೇಲಿನ ದೊಡ್ಡ ಮರಗಳ ಸೂರು ಹಾರಿ ಹೋಗಿರಬೇಕು. ಬಿಸಿಲು ಬಿದ್ದ ಕೂಡಲೇ ಗಿಡ ಬಕಬಕನೆ ತಿಂದು ದಪ್ಪ ಆಗಬೇಕು, ಅಲ್ಲಿಂದ ಉಂಗುರ ಅಗಲ ಆಗಬೇಕು. ಇದರಲ್ಲಿ ಒಂದೂ ಅಗಲ ಇಲ್ಲ. ಹುಟ್ಟಿದಾಗಿನಿಂದ ನೆರಳಲ್ಲೇ ನಿಂತಿದೆ, ಪಾಪ.

ಒಂದು ಕೋಲಿನಿಂದ ಇಡೀ ಇಳಿಜಾರಿನ ಚರಿತ್ರೆ ಗೊತ್ತಾಗುವುದಿಲ್ಲ, ಒಪ್ಪಿದೆ. ಆದರೆ ಪೂರ್ತಿ ಬೋಳಿಸಿದ್ದರು ಎನ್ನುವ ಮಾತು ಸುಳ್ಳಾಗಲು ಇದೊಂದು ಸಾಕು. ಆಮೇಲೆ ಕೊರೆಯುವ ಅನುಮತಿ ತಾನಾಗಿ ಬರುತ್ತದೆ.

ಬೋಹುಶ್ ಫೋನ್ ಮಾಡಿದ್ದ. “ನನ್ನ ಕೋಲು ನಿನ್ನ ಹತ್ರ ಇದ್ಯೇನೇ? ಮಂಡಿ ತುಂಬಾ ಕಾಡ್ತಿದೆ.”

“ಇದೆ. ಎಂಟನೇ ತಾರೀಕು ತರ್ತೀನಿ.”

“ಒಳ್ಳೇವಳು ಕಣೇ ನೀನು.”

ಉಂಗುರ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಅವನೇ ಎಣಿಸಲಿ. ಬೋಹುಶ್ ಏನು ಬೇಕಾದರೂ ವಾದಿಸುತ್ತಾನೆ, ಉಂಗುರ ಮಾತ್ರ ತಪ್ಪು ಎಣಿಸುವುದಿಲ್ಲ. ನಮ್ಮ ತರಗತಿಯಲ್ಲಿ ಅವನ ಕಣ್ಣೇ ಚುರುಕು.

ಅಕ್ಟೋಬರ್ 8, ಸಭೆಯ ಕೋಣೆ

ಮೇಜಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮಾತಾಡುವ ಕೆಲಸ ಇಲ್ಲ ನನಗೆ.

ಕೋಲು ಕೊಟ್ಟೆ. ಭೂತಗನ್ನಡಿ ಕೊಟ್ಟೆ. “ನಿನ್ನ ಕೂಸಿನ ವಯಸ್ಸು ನೀನೇ ಹೇಳು.” ನಕ್ಕ. ಬುಡ ನೋಡಿದ. ನಗು ಅಲ್ಲೇ ನಿಂತಿತು. ಬೆಲಾನ್ಸ್ಕಾ ತನ್ನ ಫೋಟೊ ತೆಗೆದು ಕೋಲಿನ ಪಕ್ಕ ಇಟ್ಟಳು. “ಗಟ್ಟಿಯಾಗಿ ಎಣಿಸಿ.”

ತೊಗಟೆಯಿಂದ ಒಳಕ್ಕೆ ಎಣಿಸುತ್ತಿದ್ದಾನೆ, ಸೂಜಿ ತುದಿಯಿಂದ. ಮೂವತ್ತರಲ್ಲಿ ಕೋಟು ಬಿಚ್ಚಿದ. ಅರವತ್ತರಲ್ಲಿ ನೀರು ಕೇಳಿದ.

ಎಂಬತ್ತೈದು. ನಿಂತ.

“ಇಲ್ಲಿಂದ ಹೊರಕ್ಕೆ ಅಗಲ ಆಗ್ಬೇಕಿತ್ತು,” ಎಂದ, ಯಾರಿಗೂ ಅಲ್ಲ.

“ಆಗಿದ್ಯಾ?” ಬೆಲಾನ್ಸ್ಕಾ.

ಭೂತಗನ್ನಡಿ ಇನ್ನೂ ಹತ್ತಿರ ಹಿಡಿದ. “ಇಲ್ಲ.”

“ಮುಂದುವರಿಸಿ.”

ತೊಂಬತ್ತು. ಈಗ ದನಿ ಬೇರೆ. ಕಚೇರಿಯ ಬೋಹುಶ್ ಅಲ್ಲ, ಬೆಂಚಿನ ಬೋಹುಶ್. ಪ್ರತಿ ಉಂಗುರಕ್ಕೂ ಉಸಿರು ಹಿಡಿಯುತ್ತಾನೆ. ನೂರು. ತಲೆ ಎತ್ತಿ ನನ್ನನ್ನೇ ನೋಡಿದ. “ಡ್ರಾಹಾ... ನಮ್ಮಜ್ಜನಿಗಿಂತ ದೊಡ್ಡದು ಕಣೇ. ನಾನು ಮಂಡಿಗೆ ಅಂತ ಕಡಿದ್ನಲ್ಲೇ.”

ಗೆದ್ದ ಖುಷಿ ಇದೆ, ಸುಳ್ಳೇಕೆ ಹೇಳಲಿ. ಆ ಗಿಡ ಇನ್ನೂ ನಿಂತಿರಬಹುದಿತ್ತು ಅನ್ನುವುದೂ ಇದೆ.

ನೂರಾ ಎಂಟು. ನೂರಾ ಒಂಬತ್ತು. ನಡು ಇನ್ನೂ ಸಿಕ್ಕಿಲ್ಲ. ಕೋಲು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದ, ಕುಂಟುತ್ತ, ಆದರೆ ಅದನ್ನು ನೆಲಕ್ಕೆ ಊರಲಿಲ್ಲ. ಎರಡು ಕೈಯಲ್ಲಿ ಎತ್ತಿಕೊಂಡೇ ಹೋದ. ಎಲ್ಲರೂ ಎದ್ದು ಹಿಂದೆ ಹೋದರು. ನೂರಾ ಹತ್ತು. ನನ್ನನ್ನೂ ಕರೆಯುತ್ತಿದ್ದಾನೆ, ಬಾರೇ, ನೀನೂ ಬಂದು ನೋಡು, ನೂರಾ ಹನ್ನೊಂದು —