ನಾನು ಕಿತ್ತ ಕಂದು ಎಲೆಗಳು

ಅಕ್ಟೋಬರ್ 14, ಮಂಗಳವಾರ

ಅತ್ತಿಗೆಗೆ ಹೇಳಲಿಲ್ಲ.

ತವರಿಗೆ ಹೋಗುವಾಗ ಬಾಲ್ಕನಿಯಲ್ಲಿದ್ದ, ಜಿಂಕೆಯ ಕೊಂಬಿನಂತೆ ಕವಲೊಡೆದ ಎಲೆಗಳ ಜರೀಗಿಡವನ್ನು (ಫರ್ನ್) ನನ್ನನ್ನು ನಂಬಿ ಬಿಟ್ಟುಹೋಗಿದ್ದರು. ಆರು ವರ್ಷದಿಂದ ಸಾಕಿದ ಗಿಡ, ಕುಂಡವಿಲ್ಲದೆ ಮರದ ಹಲಗೆಯ ಮೇಲೇ ಬೆಳೆಯುವಂಥದ್ದು. ಹೋದ ತಿಂಗಳಷ್ಟೇ ದೊಡ್ಡ ಹಲಗೆಗೆ ಬದಲಾಯಿಸಿ, ಬೇರಿಗೆ ಪಾಚಿ ಇಟ್ಟು, ದಾರ ಸುತ್ತಿ ಗೋಡೆಗೆ ನೇತುಹಾಕಿದ್ದರು. ವಾರಕ್ಕೊಮ್ಮೆ ಹಲಗೆ ಸಮೇತ ನೀರಲ್ಲಿ ಅದ್ದು ಅಂದಿದ್ದರು, ಅದ್ದಿದೆ. ಅಷ್ಟಕ್ಕೇ ನನ್ನ ಕೈ ಸುಮ್ಮನಿರಬೇಕಲ್ಲ! ಬುಡಕ್ಕೆ ಅಂಟಿಕೊಂಡಿದ್ದ ಒಣಗಿದ ಕಂದು ಎಲೆಗಳು ಕಣ್ಣಿಗೆ ಚುಚ್ಚುತ್ತಿದ್ದವು. ಈ ಅತ್ತಿಗೆಗೆ ಒಪ್ಪ ಓರಣ ಅನ್ನೋದೇ ಗೊತ್ತಿಲ್ಲ ಅಂತ ಗೊಣಗುತ್ತಾ ಒಂದೊಂದನ್ನೇ ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಆಮೇಲೆ ದೂರ ನಿಂತು ನೋಡಿ ಖುಷಿಪಟ್ಟೆ ಬೇರೆ.

ನಾಲ್ಕೇ ದಿನಕ್ಕೆ ಕೊಂಬಿನಂಥ ಹಸಿರೆಲೆಗಳು ಜೋತುಬಿದ್ದವು. ನರ್ಸರಿಗೆ ಹೋಗಿ ಫೋಟೊ ತೋರಿಸಿದರೆ ಅಲ್ಲಿಯವರು ಹಣೆ ಚಚ್ಚಿಕೊಂಡರು. "ನೀವು ಕಿತ್ತದ್ದು ಕಸ ಅಲ್ಲ ಮೇಡಂ. ಬೇರಿಗೆ ಅದೇ ಹೊದಿಕೆ, ನೀರು ಹಿಡಿದಿಡೋದೂ ಅದೇ."

ಇವತ್ತು ಸಂಜೆ ಅತ್ತಿಗೆ ತವರಿಂದ ಬಂದರು. ಹೆಗಲಿನ ಚೀಲವನ್ನೂ ಇಳಿಸದೆ ಗಿಡದ ಮುಂದೆ ನಿಂತರು. ಬೋಳಾದ ಬುಡವನ್ನು ಸವರಿ, "ಎಲ್ಲಾ ಉದುರಿಹೋಗಿದೆ ಕಣೇ. ನಾನೇ ದಾರ ತುಂಬಾ ಬಿಗಿದುಬಿಟ್ಟೆ ಅನ್ಸತ್ತೆ, ಅಲ್ವಾ?" ಅಂದರು.

"ಇರಬಹುದು ಅತ್ತಿಗೆ," ಅಂದೆ. ಎಷ್ಟು ಸಲೀಸಾಗಿ ಅಂದೆ!

ಈಗ ಬಾಲ್ಕನಿಯಲ್ಲಿ ನೀರು ಚಿಮುಕಿಸುವ ಸದ್ದು ಕೇಳುತ್ತಿದೆ. ಅತ್ತಿಗೆ ಗಿಡದ ಜೊತೆ ಮೆಲ್ಲಗೆ ಮಾತಾಡುತ್ತಿದ್ದಾರೆ. "ನನ್ನದೇ ತಪ್ಪು ಕಣೋ, ಬೇಜಾರು ಮಾಡ್ಕೋಬೇಡ."

ಎದ್ದು ಹೋಗಬೇಕು. ಹೋಗಿ, ಅತ್ತಿಗೆ, ಎಲೆ ಕಿತ್ತದ್ದು ನಾನು ಅಂತ ಹೇಳಬೇಕು. ಉಳಿದದ್ದು ಆಮೇಲೆ ಬರೆಯುತ್ತೇನೆ.