ಬಾಗಿಲಲ್ಲೇ ಉಳಿದ ಚಪ್ಪಲಿ

ತಾರಮಂಗಲಂ
11-5-2025

ಪ್ರೀತಿಯ ಅತ್ತೆಗೆ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಮಾಲಾ ಬಸ್ಸು ಹತ್ತಬಾರದೆಂದು ಡಾಕ್ಟರ್ ಹೇಳಿದ್ದಕ್ಕೆ, ಮಗಳ ಬಾಣಂತನಕ್ಕೆ ನೀವೇ ಹೋಗಬೇಕಾಯಿತು. ಸುಮ್ಮನೆ ಕೂರುವವರಲ್ಲ ನೀವು, ಅವಳ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಆಗಲೇ ಜಾಗ ಬದಲಿಸಿರುತ್ತೀರಿ. ನಿಮ್ಮ ಹತ್ತಿರ ಇರುವುದು ಅವಳ ಫೋನು. ತುಂಬಿದ ಬಸುರಿಯ ಕಿವಿಗೆ ಈ ವಿಷಯ ಬೀಳಬಾರದು. ಅದಕ್ಕೇ ರೇಷ್ಮೆ ತರಲು ನೀವಿರುವ ಕೊಳ್ಳೇಗಾಲಕ್ಕೇ ಹೊರಟಿರುವ ನಮ್ಮ ಬೀದಿಯ ಈಶ್ವರನ್ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ಮೊದಲು ಸಂತೋಷದ ಸುದ್ದಿ. ಮಾವನ ಸಕ್ಕರೆ ಇಳಿದಿದೆ. ಬಜಾರ್ ಬೀದಿ ಬೆಳಗಿನ ಹೊತ್ತು ನಡೆಯುವವರಿಗೆ, ಸೈಕಲ್ಲಿಗೆ ಮಾತ್ರ ಎಂದು ಬೋರ್ಡ್ ಹಾಕಿದ್ದಾರೆ. ಮನೆಗೆ ಬರುವ ನರ್ಸ್ ಮುನಿಲಕ್ಷ್ಮಿ, “ಮೊಪೆಡ್ ಬುಡಿ ಮಾವಾ, ನೂಲು ಸೊಸೈಟಿಗೆ ನಡ್ಕೊಂಡೇ ಓಗಿ” ಎಂದಳು. ನಮ್ಮ ಮಾತು ಕೇಳದವರು ಅವಳಿಗೆ ತಲೆಯಾಡಿಸಿದರು! ಈಗ ಎಲ್ಲಿಗೂ ನಡಿಗೆಯೇ. ಏದುಸಿರು ಬರುವುದು ನಿಂತಿದೆ, ಒಳ್ಳೆ ನಿದ್ದೆ ಬರುತ್ತಿದೆ. ನಾನು ಬೀದಿಯಲ್ಲೆಲ್ಲ ಹೇಳಿಕೊಂಡು ಮೆರೆದೆ.

ಆಮೇಲೆ ನೋಡಿದರೆ, ಅವರು ಹೋದ ಮೇಲೂ ಚಪ್ಪಲಿ ಬಾಗಿಲಲ್ಲೇ ಇತ್ತು. ಮೇ ತಿಂಗಳ ಈ ಕತ್ತಿರಿ ಬಿಸಿಲಿನಲ್ಲಿ ವಾಪಸ್ಸು ಬರುವಾಗ ಟಾರು ಕಾದಿರುತ್ತದೆ. ಕೇಳಿದ್ದಕ್ಕೆ, “ಮಾಲಾಗೆ ಎರಿಗೆ ಸುಖವಾಗಾಗ್ಲಿ ಅಂತ ಕೈಲಾಸನಾಥರ್‌ಗೆ ಬೇಡ್ಕೊಂಡಿವ್ನಿ, ಅಲ್ಲೀಗಂಟ ಚಪ್ಲಿ ಮೆಟ್ಟಾಕಿಲ್ಲ. ಮಗ್ಗ ತುಳ್ಯೋ ಕಾಲು ಇದು, ಏನಾಯ್ತದೆ?” ಎಂದರು. ಜೀವಮಾನವೆಲ್ಲ ಬರಿಗಾಲಲ್ಲೇ ಮಗ್ಗದ ಗುಂಡಿಯ ಹಲಗೆ ತುಳಿದವರು, ನಿಜ. ಆದರೆ ಸಕ್ಕರೆಯವರ ಕಾಲಿಗೆ ಸುಟ್ಟರೂ ತಿಳಿಯುವುದಿಲ್ಲವೆಂದು ಮುನಿಲಕ್ಷ್ಮಿ ಹೇಳಿದ್ದಳು. ನನಗೆ ತುಂಬ ಭಯವಾಗಿದೆ ಅತ್ತೆ. ಮಗ್ಗದ ಸದ್ದು ಈಗ ನಡುನಡುವೆ ನಿಲ್ಲುತ್ತದೆ. ಇಣುಕಿದರೆ, ಮಾವ ಗುಂಡಿಗೆ ಬಗ್ಗಿ, ತಮ್ಮ ಕಾಲು ಯಾವ ಹಲಗೆಯ ಮೇಲಿದೆ ಎಂದು ನೋಡುತ್ತಿರುತ್ತಾರೆ. ನಿಮ್ಮ ಮಗ ಬೈದರು, ನಾನು ಚಪ್ಪಲಿ ತಂದು ಕಾಲ ಹತ್ತಿರವೇ ಇಟ್ಟೆ. “ಎಲ್ಲಮ್ಮಂಗೆ ಏಳ್ಬ್ಯಾಡ” ಎಂದು ನಿಮ್ಮ ಹೆಸರು ಹಿಡಿದು ಮಾವ ಬೇಡಿಕೊಂಡರು.

ಮಾಲಾಳಿಗೆ ಸಂಜೆ ಮರೆಯದೆ ದೃಷ್ಟಿ ತೆಗೆಯಿರಿ. ಅವಳ ಮನೆಯವರಿಗೆಲ್ಲ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ಈ ಮನೆಯ ಮೇಲಿರಲಿ.

ನಿಮ್ಮ ಸೊಸೆ,
ಮೇನಕಾ

ಮತ್ತೆ: ಪತ್ರ ಮಡಿಸುವಾಗ ಮಾವ ಕಾಲು ತೊಳೆದು ಒಳಗೆ ಬಂದರು. ಒದ್ದೆ ಹೆಜ್ಜೆಯಲ್ಲಿ ರಕ್ತ ಇತ್ತು. ಹೆಬ್ಬೆರಳ ಕೆಳಗೆ ಗಾಯ, ಸುತ್ತಲೂ ಕಪ್ಪಾಗಿದೆ. ಆಸ್ಪತ್ರೆಗೆ ಕರೆದರೆ, “ಮಗು ಉಟ್ಲಿ, ಆಮ್ಯಾಕೆ” ಎನ್ನುತ್ತಾರೆ. ಪತ್ರ ಓದಿದ ಕೂಡಲೇ ಹೊರಗೆ ಹೋಗಿ ಫೋನ್ ಮಾಡಿ, ಆ ಹರಕೆಯನ್ನು ನೀವೇ ಹೊತ್ತುಕೊಂಡಿದ್ದೀರೆಂದು ಅವರಿಗೆ ಹೇಳಿ. ನಿಮ್ಮ ಮಾತೊಂದನ್ನೇ ಅವರು ಕೇಳುವುದು. ಗಾಯ ನೋಡುತ್ತ ಕೂತಿದ್ದೆ. “ನೋವೇ ಇಲ್ಲ ತಾಯಿ, ಬೇಕಾದ್ರೆ ಒತ್ತಿ ನೋಡು” ಎಂದರು. ನನ್ನ ಬೆರಳು ಆಗಲೇ ಅಲ್ಲಿ ಒತ್ತಿಕೊಂಡಿತ್ತು.