ಮಾಸ್ಟ್ ಮೇಲಿನ ಡೈರೆಕ್ಟರ್

ಡೊಂಬಿವಲಿ ಪೂರ್ವ
೧೪ ಡಿಸೆಂಬರ್ ೨೦೨೫

ಮನೀಶ,

‘ಪ್ರಿಯ’ ಅಂತ ಬರೆದು ಹೊಡೆದುಹಾಕಿದೆ. ನೀನು ನನ್ನನ್ನು ಎಲ್ಲ ಕಡೆ ಬ್ಲಾಕ್ ಮಾಡಿದ್ದೀಯ, ಮಾಡೆಲ್ ಕಟ್ಟುವವರ ಗ್ರೂಪಿನಿಂದಲೂ ತೆಗೆದಿದ್ದೀಯ. ಉಳಿದಿರುವುದು ಪೋಸ್ಟ್ ಒಂದೇ. ಕಲ್ಯಾಣದ ನಿಮ್ಮ ಹೋಟೆಲಿನ ವಿಳಾಸಕ್ಕೆ ಹಾಕುತ್ತಿದ್ದೇನೆ.

ಥಾಣೆಯ ಮಾಡೆಲ್ ಪ್ರದರ್ಶನಕ್ಕೆ ನಾವಿಬ್ಬರೂ ಸೇರಿ ಕಟ್ಟಿದ್ದು ೧೯೧೪ರ ಲೈಟ್ ಕ್ರೂಸರ್ ಯುದ್ಧನೌಕೆ. ಹಡಗಿನ ಒಡಲು ನಿನ್ನದು, ತೋಪುಗಳು ಮತ್ತು ಗುರಿ ಹಿಡಿಯುವ ಸಾಮಾನೆಲ್ಲ ನನ್ನದು ಅಂತ ಮಾತಾಗಿತ್ತು. ಆರಿಂಚಿನ ತೋಪುಗಳ ನಳಿಗೆಗೆ ಅಮ್ಮನ ಕ್ಲಿನಿಕ್ಕಿನಿಂದ ಹೊಸ ಇಂಜೆಕ್ಷನ್ ಸೂಜಿ ತಂದು ಕತ್ತರಿಸಿದೆ. ದೂರ ಅಳೆಯುವ ಆ ರೇಂಜ್‌ಫೈಂಡರ್, ಬೆಂಕಿಕಡ್ಡಿಗಿಂತ ಸಣ್ಣದು, ಮುರಿದು ಮುರಿದು ಮತ್ತೆ ಮಾಡಿದೆ.

ಆಮೇಲೆ ನೀನು ಚಾಟ್‌ನಲ್ಲಿ ಒಂದು ಫೋಟೊ ಕಳಿಸಿದೆ. ಅದರಲ್ಲಿ ಹಡಗಿನ ಮಾಸ್ಟ್ ಕಂಬದ ಮೇಲೆ ಗೂಡಿನ ಹಾಗೆ ಡೈರೆಕ್ಟರ್ ಇತ್ತು. ಅಲ್ಲಿ ಕೂತವನು ಗುರಿ ಹಿಡಿದು ಟ್ರಿಗರ್ ಎಳೆದರೆ ಕೆಳಗಿನ ತೋಪುಗಳೆಲ್ಲ ಒಟ್ಟಿಗೆ ಸಿಡಿಯುತ್ತವೆ. ಇದು ೧೯೧೮ರ ಫೋಟೊ, ಯುದ್ಧ ಶುರುವಾದಾಗ ಈ ಹಡಗುಗಳಲ್ಲಿ ಡೈರೆಕ್ಟರ್ ಇರಲೇ ಇಲ್ಲ, ಆಗ ಪ್ರತಿ ತೋಪಿನವನೂ ತನ್ನ ದುರ್ಬೀನಿನಲ್ಲಿ ತಾನೇ ಗುರಿ ಹಿಡಿಯುತ್ತಿದ್ದ ಅಂತ ಬಡಕೊಂಡೆ. ನೀನು ನಕ್ಕೆ. “ಅರೇ ಯಾರ್, ಇದ್ರೆ ಏಕ್‌ದಮ್ ಖತರ್‌ನಾಕ್ ಕಾಣ್ತದೆ. ಅಲ್ಲಿ ಯಾರು ತಾರೀಕು ನೋಡ್ಲಿಕ್ಕೆ ಬರ್ತಾರೆ?” ಅಂದೆ. ನೀನೇ ಮಾಡಿದೆ, ನೀನೇ ಅಂಟಿಸಿದೆ.

ನೋಡುವವರು ಬಂದರು. ಜಡ್ಜ್ ಆಗಿದ್ದ ದೇವದಾಸ್ ಸರ್ ನೇವಿಯಲ್ಲಿ ಇದ್ದವರು. ಕನ್ನಡಕ ಏರಿಸಿ, “೧೯೧೪ ಅಂತ ಬರ್ದಿದ್ದೀರಿ. ಈ ಡೈರೆಕ್ಟರ್ ಟೈಮ್ ಮಷಿನ್‌ನಲ್ಲಿ ಬಂತಾ?” ಅಂದರು. ಸುತ್ತ ನಿಂತವರು ನಕ್ಕರು. ನೀನು ನನ್ನ ಕಡೆ ಬೆರಳು ತೋರಿಸಿ, “ಅದು ಸಂಜನಾ ಮಾಡಿದ್ದು ಸರ್. ಲಡ್ಕಿ ಹೈ, ಪೇಂಟಿಂಗ್‌ಗೆ ಅಂತ ಕರ್ಕೊಂಡಿದ್ದೆ” ಅಂದೆ. ಹಡಗಿನ ಮುಂದಿಟ್ಟ ಕಾರ್ಡಿನಲ್ಲಿದ್ದದ್ದು ನಿನ್ನೊಬ್ಬನ ಹೆಸರು. ನನ್ನ ಹೆಸರು ನಿನ್ನ ಬಾಯಿಗೆ ಬಂದದ್ದು ತಪ್ಪು ಸಿಕ್ಕಿದ ಮೇಲೆ.

“ಹೌದಾ ಮಗಾ?” ಅಂತ ಅವರು ಕೇಳಿದರು. ನಾನು ಹೌದು ಅಂದೆ. ಹಿಂದೆ ನಿನ್ನ ಅಪ್ಪ ತಾರಾನಾಥ ಅಂಕಲ್ ನಿಂತಿದ್ದರು. ಗಲ್ಲಾ ಬಿಟ್ಟು, ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದರು. ಬೆಳಗಿನಿಂದ ಸಿಕ್ಕಿದವರಿಗೆಲ್ಲ “ನಮ್ಮ ಮನೀಶ ಮಾಡಿದ್ದು ಮಾರಾಯ್ರೆ, ನೋಡಿ” ಅನ್ನುತ್ತಿದ್ದರು. ಆ ಮುಖದ ಎದುರು ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ. ಅವರೇ ಬಂದು ನನ್ನ ಬೆನ್ನು ತಟ್ಟಿ, “ಬೇಜಾರು ಮಾಡ್ಬೇಡ, ಕಲಿತೀ. ಮನೀಶ ಹೇಳಿಕೊಡ್ತಾನೆ” ಅಂದರು. ನೀನು ಪಕ್ಕದಲ್ಲೇ ಫೋನ್ ನೋಡುತ್ತಿದ್ದೆ.

ಈಗ ಗ್ರೂಪಿನವರು ಮಹಾಪೆಯಲ್ಲಿ ದೊಡ್ಡ ಕ್ರೂಸರ್ ಮಾಡೆಲ್ ಶುರು ಮಾಡುತ್ತಿದ್ದಾರೆ. ಅದರ ತೋಪುಗಳ ಕೆಲಸ ನನಗೆ ಅಂತ ಆಗಿತ್ತು. ಮೊನ್ನೆ ಗ್ರೂಪಿನ ಅನೀಶ ಫೋನ್ ಮಾಡಿ, “ಹದಿನಾಲ್ಕು ಯಾವ್ದು, ಹದಿನೆಂಟು ಯಾವ್ದು ಗೊತ್ತಿಲ್ದವ್ರಿಗೆ ಗನ್ಸ್ ಕೊಡಲ್ಲ, ಬುರಾ ಮತ್ ಮಾನ್” ಅಂದ. ಅದಕ್ಕೇ ನಮ್ಮಿಬ್ಬರ ಹಳೆಯ ಚಾಟನ್ನು ಗ್ರೂಪಿಗೆ ಹಾಕಿದೆ, ನಾನು ಬೇಡ ಅಂದದ್ದು, ನೀನು ನಕ್ಕದ್ದು ಎಲ್ಲ. ನೀನು ಅಡ್ಮಿನ್ ತಾನೆ. ಯಾರೂ ಓದುವ ಮೊದಲೇ ಅಳಿಸಿ ನನ್ನನ್ನು ಹೊರಗೆ ಹಾಕಿದೆ.

ಗ್ರೂಪಿನಲ್ಲಿ ಒಂದೇ ಸಾಲು ಬರೆ: ಡೈರೆಕ್ಟರ್ ಅಂಟಿಸಿದ್ದು ನಾನು, ಸಂಜನಾ ಬೇಡ ಅಂದಿದ್ದಳು. ಸಾರಿ ಬೇಡ. ಶಾಲೆಯಿಂದ ಇದ್ದ ದೋಸ್ತಿಯೂ ವಾಪಸ್ ಬೇಡ. ನನಗೆ ಆ ತೋಪುಗಳು ಬೇಕು.

ನಿನ್ನ ಅಪ್ಪನಿಗೆ ನಾನು ಈವರೆಗೆ ಏನೂ ಹೇಳಿಲ್ಲ.

ನಿನ್ನ ಪೇಂಟರ್ ಅಲ್ಲದ,
ಸಂಜನಾ

ತಾ.ಕ.: ನಿನಗೆ ಕನ್ನಡ ಮಾತಾಡಲಿಕ್ಕೆ ಬರುತ್ತದೆ, ಓದಲಿಕ್ಕೆ ಬರುವುದಿಲ್ಲ. ಹಿಂದಿಯಲ್ಲಿ ಬರೆಯಬಹುದಿತ್ತು. ಊರಿಂದ ಲಗ್ನಪತ್ರಿಕೆ ಬಂದರೂ ನಿಮ್ಮ ಮನೆಯಲ್ಲಿ ಯಾರು ಓದಿ ಹೇಳುತ್ತಾರೆ ಅಂತ ನನಗೆ ಗೊತ್ತು. ಇಲ್ಲಿಯವರೆಗೆ ಓದಿದ್ದಕ್ಕೆ ಥ್ಯಾಂಕ್ಸ್, ತಾರಾನಾಥ ಅಂಕಲ್.